ಎಲ್ಲ ಪೆಟ್ಟೂ ಸರಿಯಾಗಿದೆ, ಆದರೂ ಕ್ಯೂಬಾದ ಲಯ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಕೊಂಗಾ (ಕೈಯಲ್ಲಿ ಬಾರಿಸುವ ಕ್ಯೂಬಾದ ಉದ್ದನೆಯ ಡ್ರಮ್) ಕಲಿಸಲು ಒಂದು ಚಿಕ್ಕ ಪುಸ್ತಕ, ಜೊತೆಗೆ ಆಡಿಯೋ ಸಿದ್ಧ ಮಾಡುತ್ತಿದ್ದೇನೆ. ಪ್ರತಿ ಪೆಟ್ಟನ್ನೂ ಸರಿಯಾಗಿ ಬರೆದಿದ್ದೇನೆ. ಕಲಿಯುವವರೂ ತಪ್ಪಿಲ್ಲದೆ ನುಡಿಸುತ್ತಾರೆ. ಆದರೂ ಕೇಳಿದರೆ ಕ್ಯೂಬಾದ ಸಂಗೀತ ಅನ್ನಿಸುವುದಿಲ್ಲ. ಏನು ಬಿಟ್ಟುಹೋಗಿದೆ?

ಉತ್ತರ: ಬಹುಶಃ ಕ್ಲಾವೆ. ಮೊದಲ ಅಧ್ಯಾಯದಲ್ಲಿ ಅದರ ಬಗ್ಗೆ ನೀವು ಬರೆದೇ ಇರುತ್ತೀರಿ. ಅದು ಸಾಲದು. ಪ್ರತಿ ಪಾಠದಲ್ಲೂ, ಪ್ರತಿ ಸಾಲಿನ ನೆತ್ತಿಯ ಮೇಲೂ ಕ್ಲಾವೆ ಕಾಣಬೇಕು.

ಕ್ಲಾವೆ ಅಂದರೆ ಗಟ್ಟಿ ಮರದ ಎರಡು ಕಡ್ಡಿಗಳು. ಅವುಗಳಲ್ಲಿ ನುಡಿಸುವ ಐದು ಪೆಟ್ಟಿನ ಲಯಕ್ಕೂ ಅದೇ ಹೆಸರು. ಸೋನ್ ಎಂಬ ಕ್ಯೂಬಾದ ಹಾಡು-ಕುಣಿತದ ಸಂಗೀತದ ಕ್ಲಾವೆಯನ್ನು 16 ಎಣಿಕೆಯಲ್ಲಿ ಬರೆದರೆ 1, 4, 7, 11, 13ರ ಮೇಲೆ ಪೆಟ್ಟು ಬೀಳುತ್ತದೆ. ಡ್ರಮ್ಮು, ಹಾಡು, ಕುಣಿತ ಸೇರಿದ ಇನ್ನೊಂದು ಸಂಗೀತ ರುಂಬಾ; ಅದರ ಕ್ಲಾವೆಯಲ್ಲಿ ಮೂರನೇ ಪೆಟ್ಟು ಮಾತ್ರ 7ರಿಂದ 8ಕ್ಕೆ ಸರಿಯುತ್ತದೆ. ಅಷ್ಟಕ್ಕೇ ನಡಿಗೆ ಬದಲಾಗಿಬಿಡುತ್ತದೆ. ಮೃದಂಗದ ಪರಿಚಯ ಇರುವವರಿಗೆ ‘ತಕಿಟ ತಕಿಟ ತಕಧಿಮಿ ತಕ ತಕಧಿಮಿ’ ಎಂದು ಹೇಳಿಸಿ, ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಚಪ್ಪಾಳೆ ಹಾಕಿಸಿ. ಸೋನ್ ಕ್ಲಾವೆ ಸಿಕ್ಕಿತು, ಅಲ್ವಾ? ಕಾಲು ಮಾತ್ರ 1, 5, 9, 13ರ ಮೇಲೆ ಸಮವಾಗಿ ನಡೆಯುತ್ತಿರಲಿ. ಇದು ಮೈಗೆ ಹತ್ತುವ ತನಕ ಡ್ರಮ್ ಮುಟ್ಟಿಸಬೇಡಿ. ಒಂದು ವಾರ ಹಿಡಿದರೂ ಪರವಾಗಿಲ್ಲ.

ಆಮೇಲೆ ತುಂಬಾವೊ, ಅಂದರೆ ಕೊಂಗಾದ ಮೂಲ ವರಸೆ. ಅಂಗೈ ಬುಡಕ್ಕೆ ‘ಬ’, ಬೆರಳ ತುದಿಗೆ ‘ತು’, ಸ್ಲ್ಯಾಪ್‌ಗೆ (ಚಟ್ಟನೆ ಸಿಡಿಯುವ ಪೆಟ್ಟು) ‘ಸ’, ಓಪನ್ ಪೆಟ್ಟಿಗೆ (ದನಿ ತೆರೆದು ಮೊಳಗುವ ಪೆಟ್ಟು) ‘ಓ’ ಎಂದು ಇಟ್ಟುಕೊಳ್ಳೋಣ. ಆಗ ಅದು ‘ಬ ತು ಸ ತು ಬ ತು ಓ ಓ’. ಬಲಗೈಯವರಿಗೆ ‘ಸ’ ಮತ್ತು ‘ಓ’ ಬಲಗೈಯಲ್ಲಿ, ಉಳಿದದ್ದೆಲ್ಲ ಎಡಗೈಯಲ್ಲಿ. ತುಂಬ ಜನ ಎಡವುವುದು ಇಲ್ಲೇ. ‘ಓ ಓ’ ಜೋರಾಗಿ ಕೇಳುವುದರಿಂದ ಕಿವಿ ಅದನ್ನೇ ಆರಂಭ ಅಂದುಕೊಳ್ಳುತ್ತದೆ. ನಿಜಕ್ಕೂ ಅದು ಕೊನೆ, ಮುಂದಿನ ಒಂದಕ್ಕೆ ತಳ್ಳುವ ಪೆಟ್ಟು. ಹಾಗಾಗಿ ತುಂಬಾವೊವನ್ನು ಎರಡು ಸಲ ಬರೆದು, ಮೇಲೆ ಸೋನ್ ಕ್ಲಾವೆ ಇಡಿ. ಕ್ಲಾವೆಯ ಮೂರನೇ ಪೆಟ್ಟು ಮೊದಲ ‘ಓ’ ಮೇಲೆ ಕೂರುತ್ತದೆ, ನಾಲ್ಕನೆಯದು ಎರಡನೇ ಸುತ್ತಿನ ‘ಸ’ ಮೇಲೆ. ಈ ಎರಡು ಜಾಗಕ್ಕೆ ಬಣ್ಣ ಹಚ್ಚಿ. ಕಲಿಯುವವರಿಗೆ ದಾರಿ ತಪ್ಪಿದಾಗ ಮತ್ತೆ ಸೇರಿಕೊಳ್ಳಲು ಗುರುತು ಅವೇ.

ಗ್ವಾಗ್ವಾಂಕೋ ಬರೆಯುವಾಗ ಕಷ್ಟ ಜಾಸ್ತಿ. ಇದು ರುಂಬಾದ ಒಂದು ಬಗೆ. ಇಲ್ಲಿ ದಪ್ಪ ದನಿಯ ‘ತುಂಬಾ’ ಎಂಬ ಡ್ರಮ್ ಮತ್ತು ನಡುವಿನ ದನಿಯ ‘ತ್ರೆಸ್ ದೋಸ್’ ಡ್ರಮ್ ಸೇರಿ ಒಂದು ರಾಗದಂಥ ಮಾತುಕತೆ ಕಟ್ಟುತ್ತವೆ. ಚುರುಕು ದನಿಯ ‘ಕಿಂತೋ’ ಡ್ರಮ್ ನರ್ತಕರನ್ನು ನೋಡುತ್ತಾ ಆಶುವಾಗಿ ನುಡಿಯುತ್ತದೆ. ಒಂದು ಡ್ರಮ್ಮಿನ ಸಾಲನ್ನು ಮಾತ್ರ ಬಿಡಿಸಿ ಕೊಟ್ಟರೆ ಅದು ಫೋನಿನಲ್ಲಿ ಒಬ್ಬರ ಮಾತು ಮಾತ್ರ ಕೇಳಿದ ಹಾಗೆ. ಜೊತೆಗೆ, ರುಂಬಾದಲ್ಲಿ ಎಷ್ಟೋ ಪೆಟ್ಟುಗಳು ನಾಲ್ಕರ ಭಾಗಕ್ಕೂ ಸೇರದೆ, ಆರರ ಭಾಗಕ್ಕೂ ಸೇರದೆ ನಡುವೆ ಎಲ್ಲೋ ಬೀಳುತ್ತವೆ. ಅದನ್ನು ಯಾವ ನೊಟೇಷನ್ನೂ ಹಿಡಿಯಲಾರದು. ಆಡಿಯೋ ಬೇಕಾಗಿರುವುದು ಇದಕ್ಕೇ. ಪ್ರತಿ ವಾದ್ಯವನ್ನೂ ಕ್ಲಾವೆ ಜೊತೆ ಬೇರೆಯಾಗಿ, ಆಮೇಲೆ ಎಲ್ಲ ಸೇರಿಸಿ, ಕೊನೆಗೆ ಒಂದೊಂದು ವಾದ್ಯವನ್ನು ಬಿಟ್ಟು ರೆಕಾರ್ಡ್ ಮಾಡಿ. ಆ ಖಾಲಿ ಜಾಗದಲ್ಲಿ ಕಲಿಯುವವರು ಕೂತು ನುಡಿಸಲಿ. ನಿಧಾನದ ಆವೃತ್ತಿ ಬೇಕಿದ್ದರೆ ಕಂಪ್ಯೂಟರಿನಲ್ಲಿ ಸುಮ್ನೆ ಎಳೆಯಬೇಡಿ, ನಿಧಾನವಾಗಿ ಮತ್ತೆ ನುಡಿಸಿ.

ಪ್ರತಿ ಪುಟದಲ್ಲೂ ಊರಿನ ಹೆಸರು ಇರಲಿ. ಕ್ಯೂಬಾದ ಮತಾನ್ಸಾಸ್ ಊರಿನ ಗ್ವಾಗ್ವಾಂಕೋ ಬೇರೆ, ರಾಜಧಾನಿ ಹವಾನಾದ್ದು ಬೇರೆ. 1952ರಲ್ಲಿ ಶುರುವಾದ ಲೋಸ್ ಮುನ್ಯೆಕಿತೋಸ್ ದೆ ಮತಾನ್ಸಾಸ್ ತಂಡವನ್ನು ಕೇಳಿಸಿ, ಪಕ್ಕದಲ್ಲೇ ಹವಾನಾದ ಒಂದು ತಂಡವನ್ನು ಕೇಳಿಸಿ. ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ನೀವು ಯಾರ ಹತ್ತಿರ ಕಲಿತಿರೋ ಅವರ ಅನುಮತಿ ಕೇಳಿ ಹೆಸರನ್ನೂ ಹಾಕಿ.

ಬಾತಾ ಡ್ರಮ್ಮುಗಳ ಪಾಠವನ್ನು ಈ ಪುಸ್ತಕದಲ್ಲಿ ಸೇರಿಸಬೇಡಿ ಎನ್ನುತ್ತೇನೆ. ಇಯಾ, ಇತೋತೆಲೆ, ಒಕೋಂಕೊಲೊ ಎಂಬ ಆ ಮೂರು ಡ್ರಮ್ಮುಗಳು ಸಾಂತೆರಿಯಾ ಎಂಬ ಆಫ್ರಿಕಾ ಮೂಲದ ಕ್ಯೂಬಾ ಧರ್ಮದ ಪೂಜೆಯ ವಾದ್ಯಗಳು. ಪ್ರತಿಷ್ಠೆ ಮಾಡಿದ ಬಾತಾವನ್ನು ದೀಕ್ಷೆ ಇಲ್ಲದವರು ಮುಟ್ಟುವಂತಿಲ್ಲ. ಪ್ರತಿಷ್ಠೆ ಮಾಡದವನ್ನು ಕಲಿಯಬಹುದು, ಆದರೆ ಅದನ್ನು ಬಲ್ಲವರ ಎದುರು ಕೂತೇ ಕಲಿಯಬೇಕು.