ಎಲುಬು ಇಸವಿ ಹೇಳುವುದಿಲ್ಲ

‘ಕೂದಲು ಬೆಳ್ಳಗಾಗಿದೆ, ಹಲ್ಲು ಬಿದ್ದಿವೆ. 65 ಎಂದು ಬರೆದುಕೊಡಿ ಸಾಹೇಬರೇ.’ ಗದಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯನಾಗಿರುವ ನನಗೆ, ಪಿಂಚಣಿಗೆಂದು ವಯಸ್ಸಿನ ಪ್ರಮಾಣಪತ್ರ ಕೇಳಿ ಬರುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ರೂಢಿಯಾಗಿದೆ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೆ 60 ತುಂಬಿರಬೇಕು. ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿಗೆ 65.

ಎಕ್ಸ್‌ರೇ ತೆಗೆದರೆ ವಯಸ್ಸು ತಿಳಿಯುತ್ತದೆ ಎಂಬ ನಂಬಿಕೆ ಅರ್ಧ ನಿಜ. ಎಲುಬಿನ ತುದಿಗಳು ಕೂಡಿಕೊಳ್ಳುವುದನ್ನು ನೋಡಿ ಹುಡುಗರ ವಯಸ್ಸು ಅಂದಾಜಿಸಬಹುದು. ಇಪ್ಪತ್ತೈದರ ಆಚೆಗೆ ಆ ಲೆಕ್ಕ ಮುಗಿಯಿತು. ಆಮೇಲೆ ಉಳಿಯುವುದು ಕೀಲಿನ ಸವೆತ, ಹಲ್ಲು, ಕಣ್ಣಿನ ಪೊರೆ. ನಲವತ್ತು ವರ್ಷ ಮೆಣಸಿನಕಾಯಿ ಹೊಲದಲ್ಲಿ ಬಗ್ಗಿದವರ ಮೊಣಕಾಲು ಐವತ್ತೈದಕ್ಕೇ ಎಪ್ಪತ್ತರಂತೆ ಕಾಣುತ್ತದೆ. ಐದು ವರ್ಷದ ಅಂತರವನ್ನು ಮೈ ನೋಡಿ ಹೇಳುತ್ತೇನೆಂದರೆ ನಾನು ವೈದ್ಯನಲ್ಲ, ಜ್ಯೋತಿಷಿ.

ರೋಣ ತಾಲ್ಲೂಕಿನ ಅಜ್ಜಿಯೊಬ್ಬರ ಆಧಾರಿನಲ್ಲಿ ಹುಟ್ಟಿದ ಇಸವಿ 1966 ಎಂದಿತ್ತು. ಅದರ ಪ್ರಕಾರ ಅವರಿಗೆ 60 ಕೂಡ ತುಂಬಿರಲಿಲ್ಲ. ಹಿರಿಯ ಮಗ ಯಾವಾಗ ಹುಟ್ಟಿದ ಎಂದೆ. ‘ನರಗುಂದದಲ್ಲಿ ಗೋಲಿಬಾರ್ ಆದಾಗ ಎದೆಹಾಲು ಬಿಟ್ಟು ರೊಟ್ಟಿ ತಿನ್ನುತ್ತಿದ್ದ’ ಎಂದರು. ಅದು 1980ರ ಜುಲೈನ ರೈತ ಬಂಡಾಯ. ಅಂದರೆ ಮಗ ಹುಟ್ಟಿದ್ದು 1978ರ ಸುಮಾರಿಗೆ. ಆಧಾರನ್ನು ನಂಬಿದರೆ ತಾಯಿಗೆ ಆಗ ಹನ್ನೆರಡು!

ಆದರೆ ಬಂಡಾಯದ ನೆನಪನ್ನು ಅರ್ಜಿಗೆ ಲಗತ್ತಿಸಲಾಗದು. ಶಾಲೆಗೆ ಹೋಗಿದ್ದಿರಾ ಎಂದು ಕೇಳಿದೆ. ಎರಡನೇ ಇಯತ್ತೆಗೆ ಬಿಟ್ಟರಂತೆ. ಎರಡು ಇಯತ್ತೆ ಸಾಕು. ಊರಿನ ಕನ್ನಡ ಶಾಲೆಯ ಹಳೆಯ ಜನರಲ್ ರಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ 1-6-1959 ಎಂದಿತ್ತು. ಜೂನ್ ಒಂದರಂದು ನಮ್ಮ ಕಡೆ ಅರ್ಧ ಊರೇ ಹುಟ್ಟಿದೆ, ಗುರುಗಳ ಕೃಪೆ. ದಿನಾಂಕ ಅಂದಾಜಿನದೇ ಇರಲಿ, ಏಳು ವರ್ಷದ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಮಾಡಿದ ಅಂದಾಜು ಅದು. ನಾನು ಮಾಡಬಹುದಾದದ್ದಕ್ಕಿಂತ ಎಷ್ಟೋ ಮೇಲು.

ಆಧಾರ್ ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ, ಶಾಲಾ ದಾಖಲೆಯೇ ಹೆಚ್ಚು ನೆಚ್ಚತಕ್ಕದ್ದು ಎಂದು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಿದೆ. ಆದರೂ ನಾಡಕಚೇರಿಯ ಕಂಪ್ಯೂಟರ್ ಮೊದಲು ನೋಡುವುದು ಆಧಾರನ್ನೇ. ಅದರ ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಕೈಯಲ್ಲಿ ಕಾಗದವಿಲ್ಲದೆ ಹೋಗಿ ಅದನ್ನು ಕಳೆದುಕೊಳ್ಳಬೇಡಿ.

ಶಾಲೆಯ ಮೆಟ್ಟಿಲನ್ನೇ ಹತ್ತದವರು ತಮ್ಮನ ಅಥವಾ ಮಗನ ಶಾಲಾ ದಾಖಲೆ, ಹಳೆಯ ರೇಷನ್ ಕಾರ್ಡು, 2002ರ ಮತದಾರರ ಪಟ್ಟಿ ತೆಗೆದುಕೊಂಡು ಬನ್ನಿ. ಮೊದಲ ಮಗ ಇಂಥ ಇಸವಿಯಲ್ಲಿ ಹುಟ್ಟಿದ್ದಾನೆ ಎಂಬ ಕಾಗದ ಮೇಜಿನ ಮೇಲಿದ್ದರೆ ನನ್ನ ಪ್ರಮಾಣಪತ್ರಕ್ಕೂ ಒಂದು ಬುನಾದಿ ಸಿಗುತ್ತದೆ. ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬಂದಾಗಲೂ ಅವನ್ನೇ ತೋರಿಸಿ. ಕೂದಲನ್ನಲ್ಲ.