ಅರ್ಧ ಮುಚ್ಚಿದ ಚಂದ್ರ, ಕಾಲು ಮುಚ್ಚಿದ ಚಂದ್ರ: ಟಾಲೆಮಿಯ ಲೆಕ್ಕ

ಖಂಡಗ್ರಾಸ ಗ್ರಹಣ ಅಂದ್ರೆ ಖಗ್ರಾಸದಷ್ಟು ಮಜಾ ಇಲ್ಲ ಅಂತ ಬಿಟ್ಬಿಡ್ತೀವಿ. ಆದ್ರೆ ಎರಡನೇ ಶತಮಾನದ ಖಗೋಳಜ್ಞ ಟಾಲೆಮಿ ಚಂದ್ರನ ಗಾತ್ರ, ಭೂಮಿ ನೆರಳಿನ ಗಾತ್ರ ಎರಡನ್ನೂ ತೆಗೆದಿದ್ದು ಎರಡು ಖಂಡಗ್ರಾಸ ಚಂದ್ರಗ್ರಹಣದಿಂದಲೇ, ಖಗ್ರಾಸದಿಂದ ಈ ಲೆಕ್ಕ ಆಗ್ತಾನೇ ಇರ್ಲಿಲ್ಲ.

ಎರಡೂ ಬ್ಯಾಬಿಲೋನಿನವರು ನೋಡಿ ಬರೆದಿಟ್ಟಿದ್ದು. ಮೊದಲನೇದು ಕ್ರಿ.ಪೂ. 621 ಏಪ್ರಿಲ್ 22, ದಕ್ಷಿಣದ ಕಡೆಯಿಂದ ವ್ಯಾಸದ ಕಾಲು ಭಾಗ ಮುಚ್ಚಿತ್ತು. ಎರಡನೇದು ಕ್ರಿ.ಪೂ. 523 ಜುಲೈ 16, ಪರ್ಷಿಯಾದ ಕಂಬೈಸಿಸ್ ರಾಜನ ಆಳ್ವಿಕೆಯ 7ನೇ ವರ್ಷ, ಉತ್ತರದ ಕಡೆಯಿಂದ ಅರ್ಧ. ಈ ಎರಡನೇದು ಜೇಡಿಮಣ್ಣಿನ ಹಲಗೆ ಮೇಲೂ ಇದೆ, ಕತ್ತಲಾಗಿ 1 2/3 ಬೇರು ಆದ್ಮೇಲೆ ಗ್ರಹಣ ಅಂತ (ಬೇರು ಅನ್ನೋದು ಬ್ಯಾಬಿಲೋನಿನವರ ಹೊತ್ತಿನ ಅಳತೆ, ಒಂದು ಬೇರು ಅಂದ್ರೆ 2 ಗಂಟೆ, ಹಾಗಾಗಿ 3 ಗಂಟೆ 20 ನಿಮಿಷ). ಅಲ್ಲೂ ಉತ್ತರದ ಅರ್ಧ ಅಂತಲೇ ಇದೆ! ಖಗೋಳದ ಸಾಫ್ಟ್‌ವೇರ್‌ನಲ್ಲಿ ಈ ಗ್ರಹಣ ಹುಡುಕೋರು ವರ್ಷ -522 ಅಂತ ಹಾಕಿ, ಅದರಲ್ಲಿ ಸೊನ್ನೆ ವರ್ಷ ಇರುತ್ತೆ.

ಈಗ ತಲೆ ತಿನ್ನೋ ಸ್ಟೆಪ್. ಉತ್ತರ ಭಾಗ ಕಪ್ಪಾಗಿದೆ ಅಂದ್ರೆ ಚಂದ್ರ ನೆರಳಿನ *ದಕ್ಷಿಣಕ್ಕೆ* ಹೋಗ್ತಿದ್ದಾನೆ, ನೆರಳು ಅವನ ಉತ್ತರಕ್ಕಿದೆ. ಇದನ್ನ ಓದಿ ಒಪ್ಪಿಕೊಂಡ್ರೆ ಸಾಲಲ್ಲ, ಗ್ರಾಫ್ ಶೀಟ್ ತಗೊಳ್ಳಿ, ಒಂದು ಆರ್ಕ್‌ಮಿನಿಟ್‌ಗೆ (ಆಕಾಶದಲ್ಲಿ ಕೋನದ ಅಳತೆ, ಡಿಗ್ರಿಯ 60ನೇ ಒಂದು ಪಾಲು) 1 ಮಿಮೀ ಅಂತ ಇಟ್ಕೊಂಡು ಕೈವಾರದಲ್ಲಿ ನೆರಳಿಗೆ ಸುಮಾರು 41 ಮಿಮೀ ತ್ರಿಜ್ಯದ ವೃತ್ತ ಹಾಕಿ. ಚಂದ್ರನಿಗೆ 16 ಮಿಮೀ ತ್ರಿಜ್ಯದ ವೃತ್ತ ಪೇಪರಿನಲ್ಲಿ ಕತ್ತರಿಸ್ಕೊಂಡು, ನೆರಳಿನ ಕೆಳಗಡೆಯಿಂದ ಮೆಲ್ಲಗೆ ಮೇಲಕ್ಕೆ ತಳ್ಳಿ. ವ್ಯಾಸದ ಅರ್ಧ ಒಳಗೆ ಹೋದಾಗ ನಿಲ್ಲಿಸಿ ನೋಡಿ, ನೆರಳಿನ ಅಂಚು ಸರಿಯಾಗಿ ಚಂದ್ರನ ಕೇಂದ್ರದ ಮೇಲೇ ಇರುತ್ತೆ. ಅಂದ್ರೆ ಆಗ ಎರಡು ಕೇಂದ್ರಗಳ ನಡುವಿನ ದೂರ = ನೆರಳಿನ ತ್ರಿಜ್ಯ, ಅಷ್ಟೇ, ಚಂದ್ರ ಎಷ್ಟು ದೊಡ್ಡದಾದ್ರೂ ಪರವಾಗಿಲ್ಲ. ಇದು ಹೊಳೆದ್ರೆ ಉಳಿದಿದ್ದೆಲ್ಲ ಬರೀ ಕಳೆಯೋ ಲೆಕ್ಕ. ಕಾಲು ಭಾಗ ಮುಚ್ಚಿದಾಗ ಕೇಂದ್ರ ಇನ್ನೂ ಹೊರಗಿದೆ, ಅಂಚಿನಿಂದ ವ್ಯಾಸದ ಕಾಲು ಭಾಗ ಆಚೆ. ಹಾಗಾಗಿ ದೂರ = ನೆರಳಿನ ತ್ರಿಜ್ಯ + ಕಾಲು ವ್ಯಾಸ.

ಆ ದೂರ ಅಂದ್ರೆ ಚಂದ್ರನ ವಿಕ್ಷೇಪ (ಸೂರ್ಯನ ದಾರಿಯಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಸರಿದಿದ್ದಾನೆ ಅನ್ನೋದು, ನೆರಳಿನ ಕೇಂದ್ರ ಆ ದಾರಿ ಮೇಲೇ ಇರುತ್ತೆ), ಪಾತ ಬಿಂದುವಿನಿಂದ (ಚಂದ್ರನ ದಾರಿ ಸೂರ್ಯನ ದಾರಿಯನ್ನ ದಾಟೋ ಜಾಗ) ಎಷ್ಟು ದೂರ ಇದ್ದ ಅನ್ನೋದರಿಂದ ಬರುತ್ತೆ. 621ರಲ್ಲಿ 9 ಡಿಗ್ರಿ 20 ಮಿನಿಟ್ ದೂರ, ವಿಕ್ಷೇಪ 48 ಮಿನಿಟ್ 30 ಸೆಕೆಂಡ್ (ಗಡಿಯಾರದ್ದಲ್ಲ, ಕೋನದ ಮಿನಿಟ್, ಅದರ 60ನೇ ಒಂದು ಪಾಲು ಸೆಕೆಂಡ್). 523ರಲ್ಲಿ 7 ಡಿಗ್ರಿ 48 ಮಿನಿಟ್ ದೂರ, ವಿಕ್ಷೇಪ 40 ಮಿನಿಟ್ 40 ಸೆಕೆಂಡ್, ಇದೇ ನೆರಳಿನ ತ್ರಿಜ್ಯ. ಕಳೆದ್ರೆ 7 ಮಿನಿಟ್ 50 ಸೆಕೆಂಡ್, ಇದು ಕಾಲು ವ್ಯಾಸ, ನಾಲ್ಕರಿಂದ ಗುಣಿಸಿದ್ರೆ ಚಂದ್ರನ ವ್ಯಾಸ 31 ಮಿನಿಟ್ 20 ಸೆಕೆಂಡ್. ನೆರಳು ಚಂದ್ರನ ಸುಮಾರು 2.6 ಪಟ್ಟು. ಒಂದು ವಿಕ್ಷೇಪ ಉತ್ತರ, ಇನ್ನೊಂದು ದಕ್ಷಿಣ ಅಲ್ವಾ, ಕೂಡಿಸ್ಬೇಕಾ ಅಂತ ಕೇಳ್ಬೇಡಿ, ನಮಗೆ ಬೇಕಾಗಿರೋದು ನೆರಳಿನ ಕೇಂದ್ರದಿಂದ ದೂರ ಮಾತ್ರ, ದಿಕ್ಕಲ್ಲ.

ಒಂದು ಷರತ್ತಿದೆ, ಎರಡೂ ಸಲ ಚಂದ್ರ ಭೂಮಿಯಿಂದ ಒಂದೇ ದೂರದಲ್ಲಿರಬೇಕು, ಇಲ್ಲಾಂದ್ರೆ ಚಂದ್ರನೂ ನೆರಳೂ ಬೇರೆ ಸೈಜಲ್ಲಿ ಕಾಣ್ತವೆ, ಕಳೆಯೋಕಾಗಲ್ಲ. ಅದಕ್ಕೇ ಅವನು ಆರಿಸಿದ್ದು ಚಂದ್ರ ಅತಿ ದೂರದ ಬಿಂದುವಿನ ಹತ್ತಿರ ಇದ್ದ ಗ್ರಹಣಗಳನ್ನ. ಅಲ್ಲಿ ನಿಜವಾದ ವ್ಯಾಸ 29.5 ಮಿನಿಟ್ ಆಸುಪಾಸು, ಟಾಲೆಮಿದು ಸ್ವಲ್ಪ ಜಾಸ್ತಿ ಬಂತು.