ಹುಳಕ್ಕೆ ನಾಲ್ಕನೇ ಜ್ವರ, ಹುಡುಗನಿಗೆ ರಜೆ

'ನಮ್ಮ ಹುಳ ನಾಲ್ಕನೇ ಜರ ಎದ್ದಿದಾವೆ. ಸೊಪ್ಪು ಜಾಸ್ತಿ ಬೇಕು. ಅದಕ್ಕೆ ನಾನು ಸಾಲೆಗೆ ಬಂದಿಲ್ಲ.'

ಎಂಟನೇ ತರಗತಿಯ ಹುಡುಗನೊಬ್ಬ ನಮ್ಮ ತರಗತಿಯ ಬ್ಲಾಗಿಗೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದ ಮೊದಲ ಬರಹ ಇದು. ಮೂರೇ ಸಾಲು. ನಾನು ಅಡಿಕೆ ಸೀಮೆಯವನು, ಶಿಡ್ಲಘಟ್ಟದ ಕಡೆಗೆ ವರ್ಗವಾಗಿ ಬಂದು ಆಗ ಇನ್ನೂ ವರ್ಷ ತುಂಬಿರಲಿಲ್ಲ. ಹುಳಕ್ಕೂ ಜ್ವರ ಬರುತ್ತಾ ಅಂದುಕೊಂಡು 'ಜರ' ತಿದ್ದಿ 'ಜ್ವರ' ಮಾಡಿದೆ, 'ಸಾಲೆ' ತಿದ್ದಿ 'ಶಾಲೆ' ಮಾಡಿದೆ. 'ಹುಳ' ಪಕ್ಕದಲ್ಲಿ 'ಗಳು' ಸೇರಿಸಿದೆ. ಪಕ್ಕದಲ್ಲೊಂದು ದೊಡ್ಡ ಪ್ರಶ್ನೆ ಚಿಹ್ನೆ, ಎಲ್ಲ ಕೆಂಪು ಪೆನ್ನಿನಲ್ಲೇ.

ಮೂರು ವಾರ ಅವನು ಏನೂ ಬರೆಯಲಿಲ್ಲ.

ಆಮೇಲೆ ಗೊತ್ತಾಯಿತು, ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಅಂತಾರೆ. ಗೂಡು ಕಟ್ಟುವ ಮುಂಚೆ ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತೆ. ಆಗ ಮೇಯುವುದಿಲ್ಲ. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಒಂದೇ ಸಮನೆ ತಿನ್ನುತ್ತೆ. ಹುಳ ತನ್ನ ಆಯಸ್ಸಿನಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗೂ ಜಾಸ್ತಿ ಆ ಒಂದು ವಾರದಲ್ಲೇ ಮುಗಿಯುತ್ತೆ. ಮನೆಮಂದಿಯೆಲ್ಲ ಸೊಪ್ಪು ಕೊಯ್ಯಲೇಬೇಕು. ಹುಡುಗ ಮೂರು ಸಾಲಿನಲ್ಲಿ ಇಷ್ಟನ್ನೂ ಹೇಳಿದ್ದ. ಓದೋಕೆ ಬಾರದಿದ್ದವನು ನಾನು.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಮೊದಲ ಓದಿನಲ್ಲಿ ಪೆನ್ನು ಮುಟ್ಟುವುದಿಲ್ಲ. ಬರಹದ ಕೆಳಗೆ ಒಂದು ಪ್ರಶ್ನೆ ಮಾತ್ರ ಬರೀತೀನಿ, ಅದೂ ನನಗೆ ನಿಜವಾಗಿ ಉತ್ತರ ಗೊತ್ತಿಲ್ಲದ ಪ್ರಶ್ನೆ. ಅವನಿಗೆ ಕೇಳಿದ್ದು: 'ಹುಳ ಜ್ವರಕ್ಕೆ ಕೂತಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ?' ಮಾರನೇ ದಿನ ಒಂದೂವರೆ ಪುಟ ಬಂತು. ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತೆ, ಆಗ ಸುಣ್ಣದ ಪುಡಿ ಉದುರಿಸಬೇಕು, ಎಲ್ಲ ಹುಳ ಏಳುವ ಮುಂಚೆ ಸೊಪ್ಪು ಹಾಕಿದರೆ ಒಂದು ದಪ್ಪ ಒಂದು ಸಣ್ಣ ಆಗುತ್ತೆ, ಆಮೇಲೆ ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ತಟ್ಟೆಗೆ, ಬಿಡೋವಾಗ ಫಜೀತಿ. ತಪ್ಪುಗಳೂ ಒಂದೂವರೆ ಪುಟದಷ್ಟೇ ಇದ್ದವು, ಅದು ಬೇರೆ ಮಾತು.

ತಪ್ಪು ತಿದ್ದಲೇಬಾರದು ಅಂತ ನಾನು ಹೇಳುತ್ತಿಲ್ಲ. ಒಬ್ಬ ಮಗುವಿಗೆ ಎರಡು ವಾರಕ್ಕೆ ಒಂದೇ ತಪ್ಪು, ಅಷ್ಟೇ. ಆ ಹುಡುಗನಿಗೆ ಶ-ಸ. ಪಕ್ಕದವನಿಗೆ ಒತ್ತಕ್ಷರ. ಹಿಂದಿನ ಬೆಂಚಿನ ಹುಡುಗಿಯದು ಇನ್ನೂ ಸ್ವಾರಸ್ಯದ್ದು. ಅವಳು 'ಅಮ್ಮ ಸೊಪ್ಪು ತಂದಿತು, ಅಕ್ಕ ಹೆಚ್ಚಿತು' ಅಂತ ಬರೀತಿದ್ದಳು. ಮೂರು ಸಲ 'ತಂದಳು' ಅಂತ ತಿದ್ದಿದೆ, ನಾಲ್ಕನೇ ಸಲವೂ ತಂದಿತು. ಅವಳ ಮನೆಮಾತು ತೆಲುಗು. ತೆಲುಗಿನಲ್ಲಿ ಅಮ್ಮನಿಗೂ ಹಸುವಿಗೂ ಕ್ರಿಯಾಪದದ ಕೊನೆ ಒಂದೇ, 'ವಚ್ಚಿಂದಿ'. ಅವಳು ಅಮ್ಮನಿಗೆ ಮರ್ಯಾದೆ ಕಡಿಮೆ ಮಾಡಿರಲಿಲ್ಲ, ಮನೆಯ ವ್ಯಾಕರಣವನ್ನು ಶಾಲೆಗೆ ತಂದಿದ್ದಳು. ಅದನ್ನ ಬಿಡಿಸಿ ಹೇಳಿದ ಮೇಲೆ ಹತ್ತೇ ದಿನಕ್ಕೆ ಸರಿಹೋಯಿತು. ತರಗತಿಗೆಲ್ಲ ಒಟ್ಟಾಗಿ ಲಿಂಗ-ವಚನ ಪಾಠ ಮಾಡಿದ್ದರೆ ಉಳಿದವರಿಗೆ ಆಕಳಿಕೆ, ಅವಳಿಗೆ ಗೊಂದಲ.

ಪ್ರತಿ ಮಗುವಿಗೂ ಬೇರೆ ಪಾಠ ಅಂದ ತಕ್ಷಣ ಟ್ಯಾಬ್ಲೆಟ್, ಆ್ಯಪ್ ಅಂತ ಮಾತು ಹೋಗುತ್ತೆ. ಗಣಿತದ ಅಭ್ಯಾಸಕ್ಕೆ ಅವು ಒಳ್ಳೆಯವೇ. ಆದರೆ ನಾನು ನೋಡಿದವು ಎಲ್ಲರಿಗೂ ಅದೇ ಪ್ರಶ್ನೆಗಳನ್ನು ಒಬ್ಬರಿಗೆ ಬೇಗ, ಒಬ್ಬರಿಗೆ ನಿಧಾನ ಕೊಡುತ್ತವೆ. ಅಮ್ಮ ಯಾಕೆ 'ತಂದಿತು' ಅಂತ ಅವು ಕೇಳುವುದಿಲ್ಲ.

ನಮ್ಮ ಮಕ್ಕಳಿಗೆ ಇದು ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಇದೇ ತಾನೇ? ಕೋಟೆಯ ಮೇಷ್ಟ್ರುಗಳು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಕಾರ್ಡು, ಕಲಿಕಾ ಏಣಿ ಮಾಡಿಕೊಂಡರು. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಜ್ವರ ಬಂದು ವಾರ ರಜೆ ಹಾಕಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತೆ. ಬರೆದದ್ದು, ಬಿಡಿಸಿದ್ದು ತರಗತಿಯ ಚಪ್ಪರದಲ್ಲಿ ತೂಗುತ್ತೆ. ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತೆ. ನಾಲ್ಕನೇ ತರಗತಿಗೆ ಬಂದರೆ ಎಲ್ಲರೂ ಒಂದೇ ಪುಟ, ಏಣಿಯೂ ಇಲ್ಲ ಚಪ್ಪರವೂ ಇಲ್ಲ. ನಮ್ಮ ಬ್ಲಾಗು ಒಂಥರಾ ಆ ಚಪ್ಪರವೇ. ನನ್ನ ಮೇಜಿನ ಮೇಲಿನ ಶೂ ಡಬ್ಬದಲ್ಲಿ ಮಗುವಿಗೊಂದರಂತೆ 38 ಕಾರ್ಡ್ ಇವೆ, ಈ ಎರಡು ವಾರ ಯಾರಿಗೆ ಏನು ಅಂತ ಗುರುತು ಹಾಕಿಕೊಳ್ಳಲು. ದಿನಕ್ಕೆ ಎಂಟು ಬರಹ ಓದಿದರೆ ವಾರಕ್ಕೆ ಎಲ್ಲರದೂ ಮುಗಿಯುತ್ತೆ. ಸುಸ್ತಾಗುತ್ತೆ, ಸುಳ್ಳು ಹೇಳಲಾರೆ.

ಮೊದಲು ನೋಟ್‌ಬುಕ್ಕು, ಆಮೇಲೆ ಟೈಪಿಂಗು. ಇದರಲ್ಲಿ ರಾಜಿ ಇಲ್ಲ. ಅಪ್ಪನ ಫೋನಿಗೆ ಬಾಯಲ್ಲಿ ಹೇಳಿದರೆ ಅದು ಒತ್ತಕ್ಷರವನ್ನೆಲ್ಲ ತಾನೇ ಸರಿಯಾಗಿ ಕೂರಿಸುತ್ತೆ. ಬರಹ ಚೆಂದ ಕಾಣುತ್ತೆ, ಯಾವ ಮಗು ಎಲ್ಲಿ ಎಡವುತ್ತಿದೆ ಅನ್ನೋದು ಮಾತ್ರ ನನಗೆ ಕಾಣುವುದಿಲ್ಲ.

ಫೋಟೊ ಹಾಕುವುದಿಲ್ಲ. ಹೆಸರಿನ ಬದಲು ಮಕ್ಕಳೇ ಇಟ್ಟುಕೊಂಡ ಅಡ್ಡಹೆಸರು. ಪುಟ ತೆರೆಯಲು ಪಾಸ್‌ವರ್ಡ್ ಬೇಕು, ಅದು ತರಗತಿಗೆ ಮತ್ತು ಮನೆಯವರಿಗೆ ಮಾತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಕಾಯ್ದೆ ಇಲ್ಲದಿದ್ದರೂ ಇದು ಬೇಕಿತ್ತು. ಮನೆಯ ಸಾಲದ ವಿಷಯ, ಅಪ್ಪನ ಕುಡಿತ, ಎಲ್ಲವನ್ನೂ ಮಕ್ಕಳು ಬರೆದುಬಿಡುತ್ತಾರೆ. ಅಂಥದ್ದು ನೋಟ್‌ಬುಕ್ಕಿನಲ್ಲೇ ಉಳಿಯುತ್ತೆ. ಅದಕ್ಕೆ ಪ್ರಶ್ನೆ ಬರೆಯುವುದಿಲ್ಲ, ಕರೆದು ಮಾತಾಡಿಸುತ್ತೇನೆ.

'ಇದಕ್ಕೆ ಮಾರ್ಕ್ಸ್ ಉಂಟಾ ಸಾರ್?' ಅಂತ ಪೋಷಕರ ಸಭೆಯಲ್ಲಿ ಕೇಳುತ್ತಾರೆ. ಎಫ್‌ಎ, ಅಂದರೆ ವರ್ಷದ ನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೆ ಲೆಕ್ಕ ಹಿಡೀತೀನಿ ಅಂತೀನಿ, ಸಮಾಧಾನ ಆಗುತ್ತೆ.

ಹುಳದ ಹುಡುಗ ಈಗ ಒಂಬತ್ತನೇ ತರಗತಿ. ಹೋದ ವಾರ ಗೂಡು ಮಾರುಕಟ್ಟೆಗೆ ಅಪ್ಪನ ಜೊತೆ ಹೋಗಿದ್ದನ್ನು ಬರೆದಿದ್ದ. ಅದರ ಕೆಳಗೆ ನಾನು ಪ್ರಶ್ನೆ ಬರೆಯುವ ಮುಂಚೆಯೇ ತೆಲುಗು ಮನೆಮಾತಿನ ಆ ಹುಡುಗಿ ಬರೆದಿದ್ದಳು: 'ನಿಮ್ಮ ಅಮ್ಮ ಯಾಕೆ ಬರಲಿಲ್ಲ? ಗೂಡು ಬಿಡಿಸಿದ್ದು ಅವರಲ್ವಾ?'

ಅವನು ಇನ್ನೂ ಉತ್ತರ ಬರೆದಿಲ್ಲ. ಅಮ್ಮನ್ನ ಕೇಳಿಕೊಂಡು ಬರ್ತೀನಿ ಸಾರ್ ಅಂದಿದ್ದಾನೆ.